ಗಾಡಿಯ ಹಿಂದಿನ ಚಪ್ಪಲಿ

ಹುಕ್ಕೇರಿಯಲ್ಲಿ ನನಗೆ ಕಾರು ಕಲಿಸಿದ ಮಾಸ್ತರರು ರಿವರ್ಸ್ ಪಾಠಕ್ಕೆ ಕಲ್ಲು, ಇಟ್ಟಿಗೆ ಇಡುತ್ತಿರಲಿಲ್ಲ. ತಮ್ಮ ಹೊಸ ಕೊಲ್ಹಾಪುರಿ ಚಪ್ಪಲಿ ಬಿಚ್ಚಿ ಗಾಡಿಯ ಹಿಂದೆ ಇಟ್ಟು, ಕಾದ ನೆಲದ ಮೇಲೆ ಒಂದೊಂದೇ ಕಾಲು ಎತ್ತುತ್ತ ನಿಲ್ಲುತ್ತಿದ್ದರು. "ಸಾವಕಾಶ್ ಅಕ್ಕಾರ, ಗಾಡಿ ಎಲ್ಲೂ ಓಡಿಹೋಗಂಗಿಲ್ಲ" ಎನ್ನುವುದೇ ಅವರ ಮಂತ್ರ.

ನಾನು ಸಂತೆಯಿಂದ ಸಂತೆಗೆ ಸೀರೆ ಮಾರುವವಳು. ಬಾಡಿಗೆ ಡ್ರೈವರ್ ಕೈಕೊಟ್ಟರೆ ಮೂಡಲಗಿ ಸಂತೆಯೇ ತಪ್ಪುತ್ತಿತ್ತು. ಅದಕ್ಕೇ ಲೈಸೆನ್ಸ್ ಬೇಕಾಗಿತ್ತು.

"ಹಳೇ ಚಪ್ಪಲಿ ಇಡ್ರಿ ಮಾಸ್ತರ, ಇಬ್ಬರಿಗೂ ಚಲೋ," ಎಂದೆ.

"ಹಳೇವಿಟ್ರ ನೀವು ಹೆದರಂಗಿಲ್ರಿ."

ಖರೆ ಮಾತು. ಕಲಿಯುವವರಿಗೆ ನಾನು ಹೇಳುವುದಿಷ್ಟೆ: ಬೈಯುವ ಮಾಸ್ತರರು ಬೇಕಾದಷ್ಟು ಸಿಗುತ್ತಾರೆ, ತಮ್ಮ ಚಪ್ಪಲಿ ಪಣಕ್ಕಿಡುವವರನ್ನು ಹುಡುಕಿಕೊಳ್ಳಿ.

ಪರೀಕ್ಷೆಯ ದಿನ ಎರಡು ಕಂಬಗಳ ನಡುವೆ ಹಿಂದಕ್ಕೆ ಹೋಗಬೇಕಿತ್ತು. ಅರ್ಧ ದಾರಿಯಲ್ಲಿ ಎಡಗಡೆಯ ಕಂಬ ತೀರ ಹತ್ತಿರ ಕಂಡಿತು. ಸಂತೆಯ ಬಾಯಿ ಸುಮ್ಮನಿರುತ್ತದೆಯೇ? ಗಾಡಿ ನಿಲ್ಲಿಸಿ, ಕಿಡಕಿಯಿಂದ ತಲೆ ಹೊರಹಾಕಿ ಅಧಿಕಾರಿಗೆ ಹೇಳಿದೆ: "ಸಾಹೇಬ್ರ, ಆ ಕಂಬ ಒಂದೀಟ ಆಚಿ ಸರಸ್ರಿ, ನಾನೂ ಒಂದೀಟ ಈಚಿ ಬರ್ತೇನಿ."

"ಕಂಬ ಅಲ್ಲೇ ಇರ್ತೈತಿ. ನೀವ ಸರೀರಿ."

ಬೇಲಿಯಾಚೆ ಮಾಸ್ತರರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನಾನು ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತ, ಇರುವೆಯಂತೆ ಹಿಂದೆ ಸರಿದು ನಿಂತೆ. ಕಂಬ ಅಲುಗಲಿಲ್ಲ. ಪಾಸಾದೆ.

ಮಾಸ್ತರರು ಓಡಿಬಂದು ಕೈಮುಗಿದರು: "ಅಕ್ಕಾರ, ರಿವರ್ಸ್ ನಾ ಕಲಿಸೇನಿ ಅಂತ ಊರಿಗೆಲ್ಲಾ ಹೇಳ್ರಿ. ಕಂಬದ ಚೌಕಾಶಿ ಮಾತ್ರ ನಾ ಕಲಿಸಿಲ್ಲ ಅಂತ ಮೊದಲ ಸಾಹೇಬ್ರಿಗೆ ಹೇಳಿ ಬರ್ರಿ."