ಮರದ ಮುಖ, ಕಿತ್ತಳೆ ಹಣ್ಣು

ಘಣ್, ಘಣ್, ಘಣ್. ಗೆಜ್ಜೆಯ ಸದ್ದಲ್ಲ ಅದು. ಗೆಜ್ಜೆಗೆ ಯಾವಾಗಲೂ ಅವಸರ. ಇದು, ಎದೆಗೂ ಬೆನ್ನಿಗೂ ಅಡ್ಡಲಾಗಿ ಗಂಟೆ ಹೊಲಿದ ತೊಗಲಿನ ಪಟ್ಟಿ ಬಿಗಿದುಕೊಂಡ ಮುದುಕಿಯೊಬ್ಬಳು ಹೆಜ್ಜೆಗೊಮ್ಮೆ ಚೂರು ಕುಪ್ಪಳಿಸಿದರೆ ಬರುವ ಸದ್ದು. ಫೆಬ್ರವರಿಯಲ್ಲಿ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಬಡಾವಣೆ ಸ್ನೋ ಹೊದ್ದು ಮಲಗಿರುವಾಗ, ಡಿಶ್‌ವಾಷರಿನೊಳಗೆ ಲೋಟಕ್ಕೆ ಲೋಟ ತಾಗಿದರೂ ಸಾಕು, ನಾನು ಕಿಟಕಿಗೆ ಓಡುತ್ತೇನೆ. ಓಡುತ್ತೇನೆ ಎಂದದ್ದು ಬರೆಯುವವರ ಉತ್ಪ್ರೇಕ್ಷೆ. ನನ್ನ ಮಂಡಿಗಳು ಇದನ್ನು ಓದಿದರೆ ನಕ್ಕಾವು.

ಆ ಮುದುಕಿ ಗರ್ಟ್ರೂಡ್, ನಮ್ಮ ಪಕ್ಕದ ಮನೆಯಾಕೆ. ದಕ್ಷಿಣ ಜರ್ಮನಿಯ ಸ್ವೇಬಿಯಾ ಸೀಮೆಯವಳು. ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ಮೊದಲು ಅಲ್ಲಿ ಊರಿಗೆ ಊರೇ ಮರದಲ್ಲಿ ಕೆತ್ತಿದ ಮುಖವಾಡ ತೊಟ್ಟು ಮೆರವಣಿಗೆ ಹೊರಡುತ್ತದಂತೆ. ಇಲ್ಲಿಗೆ ಬಂದು ನೆಲೆಸಿದ ಅವಳ ಕಡೆಯ ಜನ ವರ್ಷಕ್ಕೊಮ್ಮೆ ತಮ್ಮ ಕ್ಲಬ್ಬಿನ ಪಾರ್ಕಿಂಗ್ ಲಾಟಿನಲ್ಲೇ ಆ ಮೆರವಣಿಗೆ ನಡೆಸುತ್ತಾರೆ. ನಾನು ಧಾರವಾಡದ ಕಾನ್ವೆಂಟಿನಲ್ಲಿ ಕಲಿತವಳು. ಆ ಉಪವಾಸ ಶುರುವಾಗುವ ಬುಧವಾರ, ಆಶ್ ವೆನ್ಸ್‌ಡೇ ದಿನ, ಸಿಸ್ಟರ್‌ಗಳು ಹಣೆಗೆ ಬೂದಿ ಹಚ್ಚಿಕೊಂಡು ಗಂಭೀರವಾಗಿ ಓಡಾಡುವುದನ್ನು ಕಂಡಿದ್ದೆ. ನಮ್ಮಜ್ಜನ ವಿಭೂತಿಯ ಮುಂದೆ ಅದು ತೀರಾ ಜಿಪುಣತನ ಅನ್ನಿಸುತ್ತಿತ್ತು. ಆದರೆ ಆ ಬುಧವಾರಕ್ಕೆ ಮುಂಚೆ ಒಂದು ಮಂಗಳವಾರವಿದೆ, ಆ ದಿನ ಭಕ್ತಾದಿಗಳೆಲ್ಲ ತಿಂದು, ಕುಡಿದು, ಕುಣಿಯುತ್ತಾರೆ ಎಂದು ಯಾವ ಸಿಸ್ಟರೂ ಬಾಯಿ ಬಿಟ್ಟಿರಲಿಲ್ಲ. ಅದು ತಿಳಿಯಲು ನಾನು ಮಿಷಿಗನ್‌ವರೆಗೆ ಬರಬೇಕಾಯಿತು.

ಅವಳ ಮುಖವಾಡ ಅವಳಜ್ಜನ ಕಾಲದ್ದು. ಬಿಳಿ ಮುಖ, ಕೆಂಪು ಕೆನ್ನೆ, ಬೇರೆಯವರ ಮದುವೆಯಲ್ಲಿ ಫೋಟೋಕ್ಕೆ ನಿಂತಂಥ ನಗು. ಅದನ್ನು ತೊಟ್ಟವರು ಎಂಥ ದೊಡ್ಡವರನ್ನೂ ಏಕವಚನದಲ್ಲಿ ಮಾತಾಡಿಸಬಹುದು, ದನಿ ಬದಲಿಸಿ ಕಾಲೆಳೆಯಬಹುದು. ನಮ್ಮ ಕಡೆ ಹಗಲುವೇಷದವರು ಮನೆ ಮುಂದೆ ನಿಂತು ಗೌಡರನ್ನೂ ಬಿಡದೆ ಚೇಷ್ಟೆ ಮಾಡುತ್ತಿರಲಿಲ್ಲವೇ, ಹಾಗೆ. ಒಂದೇ ನಿಯಮ: ಒಳಗಿರುವವರು ಯಾರೆಂದು ಗೊತ್ತಾದರೂ ಹೆಸರು ಹಿಡಿದು ಕರೆಯಬಾರದು.

ವರ್ಷವರ್ಷವೂ ಆ ಮುಖ ನನ್ನೆದುರು ಬಂದು ನಿಂತು ಕೀರಲು ದನಿಯಲ್ಲಿ ಶುರು ಮಾಡುತ್ತಿತ್ತು. "ಏ ಹುಡುಗಿ, ಡ್ರೈವಿಂಗ್ ಇನ್ನೂ ಕಲೀಲಿಲ್ವಾ? ಪಕ್ಕದ ಮನೆ ಮುದುಕಿ ಸತ್ತುಹೋದ್ರೆ ಗ್ರೋಸರಿಗೆ ಯಾರ ಜೊತೆ ಹೋಗ್ತೀಯೇ?" ಅವಳು ಆಡಿದ್ದು ಇಂಗ್ಲಿಷಾದರೂ ನನ್ನ ಕಿವಿಗೆ ಹೀಗೇ ಬೀಳುತ್ತಿತ್ತು. ಎಪ್ಪತ್ತು ದಾಟಿದವಳನ್ನು ಹುಡುಗಿ ಎನ್ನಲು ಈ ದೇಶದಲ್ಲಿ ನನಗೆ ಬೇರೆ ಯಾರಿದ್ದರು? ಉಳಿದವರಿಗೆಲ್ಲ ನಾನು ಆಂಟಿ. ಆಮೇಲೆ ಹೆಗಲ ಚೀಲಕ್ಕೆ ಕೈಹಾಕಿ ಎಲ್ಲರಿಗೂ ಚಾಕಲೇಟು ಹಂಚುತ್ತಿದ್ದಳು. ನನಗೆ ಮಾತ್ರ ಒಂದು ಕಿತ್ತಳೆ ಹಣ್ಣು. ನನಗೆ ಶುಗರ್ ಇದೆಯೆಂದು ಯಾವಾಗಲೋ ಹೇಳಿದ್ದನ್ನು ಅವಳು ಮರೆತಿರಲಿಲ್ಲ.

ಕಳೆದ ವರ್ಷ ಮರೆಯಲು ಶುರುಮಾಡಿದಳು. ಮೊದಲು ಒಲೆ ಮೇಲಿಟ್ಟ ಮೊಟ್ಟೆ, ಆಮೇಲೆ ಫ್ರೀವೇಯಲ್ಲಿ ನಮ್ಮ ಎಕ್ಸಿಟ್. ಕಾರಿನ ಕೀ ಅವಳ ಮಗಳ ಕೈಸೇರಿತು. ಒಂದು ಮಧ್ಯಾಹ್ನ ನಾನು ಸಾರು ತೆಗೆದುಕೊಂಡು ಹೋದರೆ, ಬಾಗಿಲು ತೆರೆದು ತುಂಬಾ ಮರ್ಯಾದೆಯಿಂದ, "ಯಾರು ಬೇಕಿತ್ತು?" ಎಂದಳು. ನನ್ನ ಮುಖ ನೋಡಿ ಮರುಕ್ಷಣವೇ ನಕ್ಕುಬಿಟ್ಟಳು. ತಮಾಷೆಯೋ, ತೇಪೆಯೋ, ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಈ ಸಲದ ಮೆರವಣಿಗೆಯ ಮಾರನೆಯ ದಿನ ಗರ್ಟ್ರೂಡಳ ಮಗಳು ಅವಳನ್ನು ಬೇರೆ ರಾಜ್ಯದ ಬೋಲಿಂಗ್‌ಬ್ರೂಕಿನ ತನ್ನ ಮನೆಗೆ ಕರೆದೊಯ್ಯುವುದೆಂದು ತೀರ್ಮಾನವಾಗಿತ್ತು. ನನ್ನ ಮಗಳು ಸುಧಾ ಕಾರಿನ ಹೀಟರ್ ತಿರುಗಿಸುತ್ತ, "ಹದಿನೆಂಟು ಡಿಗ್ರಿ, ನೀರು ಹೆಪ್ಪುಗಟ್ಟೋ ಚಳಿ ಇದೆ ಅಮ್ಮ. ಮನೆಗೇ ಹೋಗಿ ಬೈ ಹೇಳಬಹುದಲ್ವಾ?" ಎಂದಳು.

"ಮನೇಲಿ ಕಿತ್ತಳೆ ಕೊಡಲ್ಲ ಕಣೆ," ಎಂದೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಅವಳಿಗೆ ಇನ್ನೂ ನನ್ನ ಗುರುತಿದೆಯೋ ಇಲ್ಲವೋ, ಆ ಹಣ್ಣು ಹೇಳುತ್ತಿತ್ತು.

ಕ್ಲಬ್ಬಿನ ಪಾರ್ಕಿಂಗ್ ಲಾಟಿನಲ್ಲಿ ಗಂಟೆಯ ಸದ್ದು ಹತ್ತಿರವಾಯಿತು. ತನ್ನ ಮಗಳು ಪಕ್ಕದಲ್ಲೇ ನಡೆಯುತ್ತಿದ್ದರೂ ಕುಪ್ಪಳಿಸುವುದರಲ್ಲಿ ಗರ್ಟ್ರೂಡ್ ತಪ್ಪಿರಲಿಲ್ಲ. ನನ್ನೆದುರು ನಿಂತು, ತಲೆ ವಾಲಿಸಿ, ಅದೇ ಕೀರಲು ದನಿಯಲ್ಲಿ, "ನೀನು ಯಾರೇ ಹುಡುಗಿ?" ಎಂದಳು.

ಹುಡುಗಿ ಎಂದಳಲ್ಲ, ನನಗೆ ಜೀವ ಬಂತು. ಆಟವೇ ಅಂದುಕೊಂಡು, "ನೀನೇ ಹೇಳು ನೋಡೋಣ," ಎಂದೆ. ಮರದ ಮುಖ ನಗುತ್ತಲೇ ಇತ್ತು. ಅದಕ್ಕೆ ಬೇರೇನೂ ಬರದು. ಅವಳ ಕೈ ಚೀಲದೊಳಗೆ ಹೋಯಿತು. ನಾನು ಗ್ಲೌಸ್ ತೆಗೆದು, ಹಣ್ಣು ಹಿಡಿಯುವಷ್ಟು ಬೊಗಸೆ ಅಗಲಿಸಿದೆ. ಬಿದ್ದದ್ದು ಬಣ್ಣದ ಕಾಗದ ಸುತ್ತಿದ ಪುಟ್ಟ ಚಾಕಲೇಟು. ಅವಳು ನನ್ನ ಕೆನ್ನೆ ತಟ್ಟಿ ಮುಂದಿನವರ ಕಡೆ ಹೊರಟಳು.

"ಕೊಡಮ್ಮ ಇಲ್ಲಿ, ನಿನಗೆ ಶುಗರ್," ಎಂದಳು ಸುಧಾ.

"ಇರಲಿ ಬಿಡೆ," ಎಂದು ಕಾಗದ ಬಿಚ್ಚಿ ಬಾಯಿಗೆ ಹಾಕಿಕೊಂಡೆ. ಗುರುತಿದ್ದಷ್ಟು ದಿನ ಕಿತ್ತಳೆ ಕೊಟ್ಟಳು, ಗುರುತು ಹೋದ ಮೇಲೆ ಚಾಕಲೇಟು, ಬರಿಗೈಯಲ್ಲಂತೂ ಕಳಿಸಲಿಲ್ಲ.

ಹಿಂದಿನಿಂದ ನೋಡಿದರೆ ಮುಖವಾಡದ ಕಟ್ಟಿನ ಕೆಳಗೆ ಅವಳ ಬಿಳಿ ಕೂದಲಿನ ಒಂದು ಎಳೆ ಹೊರಬಂದಿತ್ತು. ಹೆಸರು ಹಿಡಿದು ಕೂಗಿದ್ದರೆ ತಿರುಗುತ್ತಿದ್ದಳೇನೋ. ನಿಯಮ ಮುರಿಯಲು ಕಾನ್ವೆಂಟಿನ ಹುಡುಗಿಗೆ ಬಾಯಿ ಬರಲಿಲ್ಲ.