ಅಪ್ಪನಿಗೆ ಬಹುವಚನ

ಬೆಳಿಗ್ಗೆ ಮರಿಮಗಳು ಶಾಲೆಯ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು: "ಹಿರಿಯರನ್ನು ಬಹುವಚನದಲ್ಲಿ ಮಾತನಾಡಿಸಬೇಕು." ನನಗೆ ಮೈ ಉರಿಯಿತು. ಅದಕ್ಕೇ ಮೊಮ್ಮಗಳ ಕೈಲಿ ಇದನ್ನು ಇಲ್ಲಿ ಬರೆಸುತ್ತಿದ್ದೇನೆ.

ಮದ್ದೂರು ಸೀಮೆಯ ನಮ್ಮ ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಒಬ್ಬನಿದ್ದ. ಮಹಾರಾಜರ ಪಟದ ಕೆಳಗೆ ನಿಂತು, ಚಿಟಿಕೆ ನಸ್ಯ ಏರಿಸಿ, ಅವನೂ ಇದನ್ನೇ ಕಲಿಸಿದ. "ಬನ್ನಿ, ಕುಳಿತುಕೊಳ್ಳಿ, ಉಣ್ಣಿ" ಎಂದು ನಮ್ಮಿಂದ ರಾಗವಾಗಿ ಹೇಳಿಸಿದ. ಅಷ್ಟರಲ್ಲಿ ಅವನ ಮನೆಗೆಂದು ಸೌದೆ ಹೊತ್ತು ನಮ್ಮಪ್ಪ ಬಂದರು. ಅಪ್ಪನ ತಲೆ ಆಗಲೇ ನರೆತಿತ್ತು. ಮೇಷ್ಟ್ರಿಗೆ ಇನ್ನೂ ಎಳೇ ಮೀಸೆ.

"ಲೇ ಕೆಂಪ, ಇಲ್ಲಿಗ್ಯಾಕೆ ಬಂದ್ಯೋ? ಮನೆ ಹಿತ್ತಲಿಗೆ ಹಾಕು ಹೋಗೋ!"

"ಆಯ್ತು ಬುದ್ಧಿ, ಓಯ್ತೀನಿ," ಅಂದರು ಅಪ್ಪ. ಹುಡುಗರು ಕಿಸಕ್ಕನೆ ನಕ್ಕರು. ಮೇಷ್ಟ್ರು ಮತ್ತೆ "ಬನ್ನಿ, ಕುಳಿತುಕೊಳ್ಳಿ" ಶುರುಮಾಡಿದ.

ಸಂಜೆ ಅಪ್ಪ ಬಾಗಿಲಿಗೆ ಬೆನ್ನು ಹಾಕಿ ಮುದ್ದೆ ಮುರಿಯುತ್ತಿದ್ದರು. ನನ್ನ ಬಾಯಿಂದಲಾದರೂ ಅವರಿಗೆ ಆ ಮರ್ಯಾದೆ ಸಿಗಲಿ ಎಂದು, ಹೊಸ್ತಿಲಲ್ಲಿ ನಿಂತು "ನೀವು ಉಣ್ಣಿ" ಅಂದೆ.

ಅಪ್ಪ ಎಂಜಲು ಕೈಯಲ್ಲೇ ದಡಬಡನೆ ಎದ್ದು ನಿಂತರು. ನನ್ನ ತಲೆಯ ಮೇಲಿಂದ ಹೊರಗೆ ಇಣುಕಿದರು.

"ಯಾರ್ಲಾ ಬಂದೋರು?"

ಯಾರೂ ಬಂದಿರಲಿಲ್ಲ.

ಇದನ್ನೆಲ್ಲ ಕೇಳಿದ ಮರಿಮಗಳು, "ತಾತ, ಆ ಮೇಷ್ಟ್ರ ಹೆಸರೇನು?" ಅಂದಳು.

"ಅವನ ಎಸ್ರು ಯಾರಿಗ್ ಬೇಕು, ಬುಡು."

"ಅವನು ಅನ್ಬಾರ್ದು ತಾತ. ಅವರು ಅನ್ಬೇಕು."

ನಾನು ಅನ್ನಲಿಲ್ಲ. ಅನ್ನುವುದೂ ಇಲ್ಲ.