ಮಾವ ಏಳುವ ತನಕ

ನಮ್ಮದು ಕಾಣಿಯೂರಿನ ಹತ್ತಿರದ ಅಳಿಯಸಂತಾನದ ಮನೆ. ಅಮ್ಮನ ಅಣ್ಣನೇ ಯಜಮಾನರು, ನಮಗೆಲ್ಲ ದೊಡ್ಡಮಾವ. ಊರಿನ ಯಾವ ಊಟದಲ್ಲೂ ಪಂಕ್ತಿಯ ತಲೆಗೆ ಅವರ ಎಲೆ. ಅವರು ಏಳದೆ ಯಾರೂ ಏಳುವಂತಿಲ್ಲ. ಮಜ್ಜಿಗೆ ಮುಗಿದು ಎಂಜಲು ಕೈ ಒಣಗಿದರೂ ಸರಿ, ಕೂತಿರಬೇಕು.

ಅಂಥವರಿಗೆ ಕೈನಡುಕ ಶುರುವಾಯಿತು. ಅರವತ್ತರ ದಶಕದ ಆರಂಭ, ನನ್ನ ಮದುವೆ ನಿಶ್ಚಯವಾಗಿದ್ದ ಸಮಯ. ನಡುಕವನ್ನು ಶಾಲಿನೊಳಗೆ ಅಡಗಿಸಿದರು. ಬೀಳುವುದನ್ನು ಎಲ್ಲಿ ಅಡಗಿಸುವುದು? ಒಂದು ಹೊಸಮನೆ ಒಕ್ಕಲಿನ ಊಟದಲ್ಲಿ ಏಳಹೋಗಿ ಹಿಂದಕ್ಕೆ ಮಗುಚಿದರು. ಬಲಗೈ ಎಂಜಲು, ನೆಲಕ್ಕೆ ಊರುವಂತಿಲ್ಲ. ಎಡಗೈ ಊರಿ ಏಳುವುದು ಯಜಮಾನರಿಗೆ ಹೇಳಿದ್ದಲ್ಲ. ಅಂದಿನಿಂದ ಯಾರ ಮನೆ ಊಟಕ್ಕೂ ಹೋಗಲಿಲ್ಲ.

"ನಿನ್ನ ಮದುವೆಗೂ ನಾನು ಒಳಗಿನ ಕೋಣೆಯಲ್ಲೇ ಉಣ್ತೇನೆ ಮಗಾ," ಎಂದರು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ನನಗೆ ಧಾರೆ ಎರೆಯುವ ಮಾವ ಕಳ್ಳನ ಹಾಗೆ ಕೋಣೆಯಲ್ಲಿ ಕೂತು ಉಣ್ಣುವುದೆಂದರೇನು?

ಪುತ್ತೂರಿನ ಡಾಕ್ಟರರು ಕಂಪವಾತ ಎಂದು ಹೇಳಿ ಗುಳಿಗೆ ಕೊಟ್ಟರು. "ಇದರಿಂದ ಕೈಗೆ ಸ್ವಲ್ಪ ಗುಣ ಆದೀತು. ಬೀಳುದಕ್ಕೆ ಗುಳಿಗೆ ಇಲ್ಲ. ಹೊಟ್ಟೆ, ಬೆನ್ನು, ಸೊಂಟ ಗಟ್ಟಿಯಾಗಬೇಕು," ಎಂದು ಕೆಲವು ಕಸರತ್ತು ತೋರಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, "ಮೊದಲು ನೀವು ಅವರನ್ನು ಎತ್ತುದು ಬಿಡಿ ಮಾರಾಯ್ರೆ," ಎಂದರು.

ಅದೇ ಕಷ್ಟದ್ದು. ಮಾವ ಕೆಮ್ಮಿದರೂ ಸಾಕು, ನನ್ನ ಇಬ್ಬರು ಅಣ್ಣಂದಿರು ಓಡಿ ಬಂದು ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದರು. ಗೌರವ ಕೊಟ್ಟು ಕೊಟ್ಟು ಮನುಷ್ಯನನ್ನು ಎತ್ತಿ ಇಳಿಸುವ ಅಕ್ಕಿಮುಡಿ ಮಾಡಿಟ್ಟಿದ್ದೆವು.

ಕಸರತ್ತಿಗೆ ಮಾವ ಬಾಗಿಲು ಹಾಕಿಸಿದರು. ಒಳಗೆ ನಾನೊಬ್ಬಳೇ. "ನೀನು ಹೇಗೂ ಹೋಗುವವಳು. ನೋಡಿದ್ದೆಲ್ಲ ನಿನ್ನೊಟ್ಟಿಗೆ ಹೋಗ್ತದೆ," ಎಂದರು. ಚಾಪೆಯಲ್ಲಿ ಅಂಗಾತ ಮಲಗಿ, ಮೊಣಕಾಲು ಮಡಚಿ ಸೊಂಟ ಎತ್ತಬೇಕು. ಮತ್ತೆ ಅಂಬೆಗಾಲಲ್ಲಿ ನಿಂತು ಒಂದು ಕೈಯನ್ನು ಮುಂದಕ್ಕೂ ಆಚೆಯ ಕಾಲನ್ನು ಹಿಂದಕ್ಕೂ ಚಾಚಬೇಕು. "ಈ ಪ್ರಾಯದಲ್ಲಿ ಅಂಬೆಗಾಲು! ಎಂತ ಕರ್ಮ ಇದು!" ಎಂದು ಬೈಯುತ್ತಲೇ ಮಾಡುತ್ತಿದ್ದರು. "ಹೊಟ್ಟೆ ಬಿಗಿ ಮಾಡಿ ಮಾವ, ಉಸಿರು ಕಟ್ಟಬೇಡಿ!" ಎಂದು ನಾನು ಜೋರು ಮಾಡುತ್ತಿದ್ದೆ. ನನ್ನ ಬಾಯಿಗೆ ಹೆದರಿ ಬೆಕ್ಕೂ ಆ ಕೋಣೆಯ ಕಡೆ ಬರುತ್ತಿರಲಿಲ್ಲ.

ಆಮೇಲೆ ಎದೆಗೆ ಕೈಕಟ್ಟಿ ಕೂತಲ್ಲಿಂದ ಏಳುವುದು. ಮೊದಲು ಬೆಂಚಿನಿಂದ, ಅದು ಪಳಗಿದ ಮೇಲೆ ಸ್ಟೂಲಿನಿಂದ, ಮತ್ತೆ ತೆಂಗಿನಕಾಯಿ ತುರಿಯುವ ಮಣೆಯಿಂದ. ಅದರ ಹಲ್ಲಿಗೆ ನಾನು ಗೆರಟೆ ಕವುಚಿದ್ದೆ. ಅಡುಗೆಮನೆಯಲ್ಲಿ ಅಮ್ಮ ಅದನ್ನು ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಬಂದದ್ದು ಊಟದ ಮಣೆ. ಕಾಲು ಹತ್ತಿರ ಎಳೆದುಕೊಂಡು, ಮೂಗು ಎಲೆಯ ಮೇಲೆ ಬರುವಷ್ಟು ಬಾಗಿ, ಆಮೇಲೆ ಮೇಲೆ. ಹಿಂದಕ್ಕೆ ವಾಲುವುದು ಕಾಯಿಲೆಯ ಹಠ, ಮುಂದಕ್ಕೆ ಬಾಗಿಸುವುದು ನನ್ನ ಹಠ. ಒಂದು ದಿನ ಆಗುತ್ತಿತ್ತು, ಮರುದಿನ ಇಲ್ಲ. ಬಿದ್ದರೆ ಇರಲಿ ಎಂದು ಹಿಂದೆ ಹಾಸಿಗೆ ಹಾಕಿಟ್ಟಿದ್ದೆ.

ಮದುವೆಯ ದಿನ ಮಾವ ಪಂಕ್ತಿಗೆ ಬಂದು ಕೂತರು. ಮದುಮಗನ ಪಕ್ಕದಲ್ಲಿದ್ದ ನನಗೆ ಪಾಯಸದ ರುಚಿಯೇ ಗೊತ್ತಾಗಲಿಲ್ಲ. ಮಜ್ಜಿಗೆ ಮುಗಿಯಿತು. ಎಲ್ಲರ ಕಣ್ಣು ಅವರ ಮೇಲೆ. ಅಣ್ಣಂದಿರು ಕೈ ಚಾಚುತ್ತ ಬಂದರು.

"ಮುಟ್ಟಬೇಡಿ!" ಎಂದುಬಿಟ್ಟೆ. ಮದುಮಗಳ ಗಂಟಲು ಚಪ್ಪರದ ತುದಿಗೂ ಕೇಳಿರಬೇಕು. ಗಂಡ ಬೆಚ್ಚಿ ನನ್ನ ಮುಖ ನೋಡಿದರು. ಮಾವ ಬಾಗಿದರು, ಅರ್ಧ ಎದ್ದರು, ಧೊಪ್ಪೆಂದು ಮಣೆಗೇ ಕೂತರು.

ಸುಳ್ಯದ ಕಡೆಯ ನನ್ನ ಗಂಡನ ಮನೆಯ ಯಜಮಾನರು ಎದುರು ಸಾಲಿನಲ್ಲಿದ್ದರು. "ಎಂತ ಅವಸರ ಮಾರಾಯ್ರೆ? ಮಜ್ಜಿಗೆ ಒಳ್ಳೆದುಂಟು. ಈಚೆ ಇನ್ನೊಮ್ಮೆ ಬರ್ಲಿ!" ಎಂದು ಬಡಿಸುವವರನ್ನು ಕೂಗಿದರು. ಹೊಟ್ಟೆ ಬಿರಿಯುವಂತೆ ಉಂಡಿದ್ದವರೂ ಮತ್ತೆ ಅನ್ನ ಹಾಕಿಸಿಕೊಂಡರು. ಆ ಮನೆಗೆ ಹೋಗುವ ನನ್ನ ಹೆದರಿಕೆ ಅರ್ಧ ಅಲ್ಲೇ ಇಳಿಯಿತು.

ಎಲ್ಲರೂ ನಿಧಾನವಾಗಿ ಉಂಡು ಮುಗಿಸುವಾಗ ಮಾವ ಕಾಲು ಹತ್ತಿರ ಎಳೆದುಕೊಂಡರು. ಬಾಗಿದರು. ಎಂಜಲು ಕೈ ಎತ್ತಿ ಹಿಡಿದು ಎದ್ದು ನಿಂತರು. ಕೈ ನಡುಗುತ್ತಲೇ ಇತ್ತು, ಆದರೆ ನಿಂತಿದ್ದರು. ಸಾಲಿಗೆ ಸಾಲೇ ಅವರ ಹಿಂದೆ ಎದ್ದಿತು.

ಸಂಜೆ ಹೊರಡುವ ಹೊತ್ತಿಗೆ ಅವರ ಕಾಲಿಗೆ ಬಿದ್ದೆ. ಅಷ್ಟು ದಿನ ಯಾರಿಗೂ ಅವರನ್ನು ಮುಟ್ಟಲು ಬಿಡದಿದ್ದವಳು ಎದ್ದು ಅವರ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಿಡಲು ಮನಸ್ಸಾಗಲಿಲ್ಲ. ಮಾವ ನಡುಗುವ ಕೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ಮುಟ್ಬೇಡ ಮಗಾ," ಎಂದರು. "ನಾನು ನಿಲ್ತೇನೆ. ನೀನು ಹೊರಡು."